ಯಾವ ದೇವರಿಗೆ ಈ ಮಜ್ಜನ?

"ಅದ ಮುಟ್ಬೇಡಿ ಅಕ್ಕ, ಕೈ ಕುಯ್ತದೆ," ಎಂದಳು ಚಿನ್ನಮ್ಮ.

ಅಷ್ಟರಲ್ಲಿ ನನ್ನ ಹೆಬ್ಬೆರಳು ಕುಯ್ದಾಗಿತ್ತು. ಹಿಪ್ಪುನೇರಳೆ ಸಾಲುಗಳ ನಡುವೆ ಬಿದ್ದಿದ್ದ ಆ ಉಕ್ಕಿನ ತುಂಡು ಒಂದು ಬಾಗಿಲಿನಷ್ಟು ದೊಡ್ಡದಿತ್ತು. ಕಾರ್ಖಾನೆಯ ತಗಡಿನ ಸೂರನ್ನು ಹರಿದುಕೊಂಡು ಹಾರಿಬಂದು ಇಲ್ಲಿ ಬಿದ್ದಿತ್ತು. ನಾನು ಬೆರಳನ್ನು ಬಾಯಲ್ಲಿಟ್ಟುಕೊಂಡೆ. ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಮಂಡಿಯೂರಿ ಕುಳಿತೆ.

ಮಾಂಬಳ್ಳಿಯಾಚೆಯ ಈ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸುವ ಹಂಡೆ ಸಿಡಿದು ಚಿಕ್ಕಸಿದ್ದಯ್ಯನೆಂಬ ಕೆಲಸಗಾರ ಸತ್ತಿದ್ದ. ಹಂಡೆ ನೋಡಿಕೊಳ್ಳುತ್ತಿದ್ದ ಜಡಯ್ಯ, ಅಂದರೆ ಚಿನ್ನಮ್ಮನ ಗಂಡ, ತಪ್ಪೊಪ್ಪಿಕೊಂಡು ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಕೊಳ್ಳೇಗಾಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ.

ಹಂಡೆ ಎಂದರೆ ಬಚ್ಚಲುಮನೆಯ ಹಂಡೆಯಲ್ಲ. ಬಿಗಿ ಮುಚ್ಚಳ ಹಾಕಿ, ಆವಿಯ ಒತ್ತಡದಲ್ಲಿ ರೇಷ್ಮೆಗೂಡು ಬೇಯಿಸುವ ದಪ್ಪ ಉಕ್ಕಿನ ಪಾತ್ರೆ. ಕೆಲಸಗಾರರ ಬಾಯಲ್ಲಿ ಅದು ಹಂಡೆ.

ನನ್ನ ಹೆಸರು ಯಶೋದ. ಒಡೆದ ಬಾಯ್ಲರು, ಬಿರುಕುಬಿಟ್ಟ ಪೈಪು, ಸಿಡಿದ ಸಿಲಿಂಡರು, ಇವುಗಳ ಮರಣೋತ್ತರ ಪರೀಕ್ಷೆ ನನ್ನ ಕಸುಬು. ಹುಟ್ಟೂರು ಹೊನ್ನೂರಿನಲ್ಲಿ ಬೆನ್ನ ಹಿಂದೆ ನನ್ನನ್ನು ಬಾಯ್ಲರಮ್ಮ ಎನ್ನುತ್ತಾರೆ, ಎದುರಿಗೆ ಮೇಡಂ. ಉಕ್ಕು ನನಗೆ ಇದುವರೆಗೆ ಸುಳ್ಳು ಹೇಳಿಲ್ಲ. ಅದರ ಸುತ್ತ ನಿಂತವರು ಮಾತ್ರ ಧಾರಾಳವಾಗಿ ಹೇಳಿದ್ದಾರೆ.

ಈ ಸಲ ಹೇಳಿದ ಕತೆ ಹೀಗಿತ್ತು. ಬೆಟ್ಟದ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಬಂದ ಜಡಯ್ಯ ಹಂಡೆಯನ್ನೇ ಮಾದಪ್ಪನೆಂದು ಪೂಜಿಸುತ್ತಿದ್ದ. ಕಾದು ಕೂತ ಹಂಡೆಯ ಮೇಲೆ ತಣ್ಣೀರು ಸುರಿದು ಮಜ್ಜನ ಮಾಡುತ್ತಿದ್ದ. ಬಿಸಿ ಉಕ್ಕಿಗೆ ತಣ್ಣೀರು ಬಿದ್ದು ಬಿರುಕು ಬಿಟ್ಟಿತು. ಕಾರ್ಖಾನೆಯ ಮಾಲೀಕ ಮಹದೇವಪ್ರಸಾದ್ ಇದನ್ನು ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದ. 'ಮೂಢನಂಬಿಕೆಗೆ ಬಲಿ' ಎಂದು ಪತ್ರಿಕೆಯಲ್ಲೂ ಬಂದಿತ್ತು.

ಎಲ್ಲಿಯೂ ಎಳೆ ಬಿಡದ ಕತೆ. ಹಾಗಾಗಿಯೇ ನನಗೆ ಗುಮಾನಿ.

ಹರಿದ ಅಂಚನ್ನು ಗಾಜಿನಲ್ಲಿ ನೋಡಿದೆ. ಹಂಡೆಯ ಒಳಮೈ ಕಡೆಯಿಂದ ಮುಕ್ಕಾಲು ದಪ್ಪದವರೆಗೆ ಉಕ್ಕು ಕಪ್ಪಾಗಿ, ನುಣ್ಣಗೆ, ಹಳತಾಗಿತ್ತು. ಹೊರಮೈ ಕಡೆಯ ಸಣ್ಣ ಪಟ್ಟಿ ಮಾತ್ರ ಹೊಸದಾಗಿ ಹರಿದು ಬೆಳ್ಳಗೆ ಮಿನುಗುತ್ತಿತ್ತು. ಕೆರೆಯ ನೀರು ಇಳಿದಂತೆಲ್ಲ ದಂಡೆಯಲ್ಲಿ ಗೆರೆಗಳು ಉಳಿಯುತ್ತವಲ್ಲ, ಅಂಥ ಗೆರೆಗಳು ಆ ಕಪ್ಪಿನ ತುಂಬ. ಎಲ್ಲವೂ ಒಳಗಿನ ಒಂದೇ ಮೂಲೆಯಿಂದ ಹೊರಟಿದ್ದವು.

ತುಂಡನ್ನು ಇಬ್ಬರೂ ಸೇರಿ ಮಗುಚಿದೆವು. ಹೊರಮೈಯಲ್ಲಿ ಬಣ್ಣ ಹಾಗೇ ಇತ್ತು. ಸೋಮವಾರದ ಪೂಜೆಯ ವಿಭೂತಿಯ ಮೂರು ಗೆರೆಯೂ ಅಳಿಸಿರಲಿಲ್ಲ.

"ಮೇಲೆ ನೀರು ಸುರಿದ್ರೆ ಬಿರುಕು ಮೇಲಿಂದ ತಾನೇ ಹುಟ್ಟಬೇಕು?" ಎಂದೆ. "ಇದು ಒಳಗಿಂದ ಹುಟ್ಟಿದೆ, ಚಿನ್ನಮ್ಮ. ಒಂದು ದಿನದ್ದಲ್ಲ. ತಿಂಗಳುಗಟ್ಟಲೆ ಬೆಳೆದಿದೆ. ಇದು ದಣಿವು."

"ಕಬ್ಬುಣಕ್ಕೂ ದಣಿವಾಯ್ತದಾ ಅಕ್ಕ?"

"ತಂತಿ ಕತ್ತರಿಸೋಕೆ ಏನೂ ಸಿಗದಿದ್ರೆ ಏನ್ಮಾಡ್ತೀಯ?"

"ಆಕಡೀಕೆ ಈಕಡೀಕೆ ಬಗ್ಸಿ ಬಗ್ಸಿ ಮುರೀತೀನಿ."

"ಅದೇ ಇದು. ಇಲ್ಲಿ ಬಗ್ಗಿಸಿದ್ದು ಕೈಯಲ್ಲ, ಬಿಸಿ ಮತ್ತೆ ತಂಪು."

ಇಂಥ ಪಾತ್ರೆಯನ್ನು ವಿನ್ಯಾಸ ಮಾಡುವ ಎಂಜಿನಿಯರು ಎರಡು ಲೆಕ್ಕ ಹಾಕುತ್ತಾನೆ. ಮೊದಲನೆಯದು, ಒಳಗಿನ ಒತ್ತಡವನ್ನು ಉಕ್ಕು ತಡೆದೀತೇ ಎಂದು. ಎರಡನೆಯದು ದಣಿವಿನ ಲೆಕ್ಕ. ಕಾದಾಗ ಉಕ್ಕು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ನಿಧಾನವಾಗಿ ತಣಿದರೆ ಇಡೀ ಗೋಡೆ ಒಟ್ಟಿಗೆ ಕುಗ್ಗುತ್ತದೆ, ತೊಂದರೆಯಿಲ್ಲ. ಥಟ್ಟನೆ ಒಳಗೆ ತಣ್ಣೀರು ಬಿದ್ದರೆ ಒಳಮೈ ಕುಗ್ಗಲು ಹೊರಡುತ್ತದೆ, ಇನ್ನೂ ಕಾದಿರುವ ಹೊರಮೈ ಬಿಡುವುದಿಲ್ಲ. ಆ ಎಳೆದಾಟದಲ್ಲಿ ಒಳಮೈ ಕೂದಲೆಳೆಯಷ್ಟು ಸೀಳುತ್ತದೆ. ಮರುದಿನ ಇನ್ನೊಂದು ಕೂದಲೆಳೆ. ಪೈಪು ಕೂಡುವ ಮೂಲೆಯಲ್ಲಂತೂ ಈ ಎಳೆದಾಟ ಎಲ್ಲಕ್ಕಿಂತ ಜಾಸ್ತಿ.

ಈ ಹಂಡೆಯ ಲೆಕ್ಕ ನಾನು ನೋಡಿದ್ದೆ, ತಪ್ಪಿರಲಿಲ್ಲ. ಬೆಳಗ್ಗೆ ಕಾಯಿಸಿ, ಸಂಜೆ ತಾನಾಗಿ ತಣಿಯಲು ಬಿಡುವ ಹಂಡೆ ಎಂದು ಮಾಡಿದ ಲೆಕ್ಕ ಅದು. ಹಾಗೆ ಬಳಸಿದ್ದರೆ ಚಿಕ್ಕಸಿದ್ದಯ್ಯನ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತಿತ್ತು.

"ಜಡಯ್ಯ ನಿಜವಾಗಿ ಮಜ್ಜನ ಮಾಡ್ತಿದ್ನಾ?" ಎಂದು ಕೇಳಿದೆ.

"ಊಂ ಕಣಕ್ಕ. ದಿನಾನೂವೆ."

"ದಿನಾ? ಮಾದಪ್ಪಂಗೆ ಸೋಮವಾರ ಅಲ್ವಾ?"

"ಸೋಮಾರ ಈಬೂತಿ ಅಚ್ಚೋದು. ಗಂದದ ಕಡ್ಡಿ ಅಚ್ಚೋದು. ಮಜ್ಜನ ದಿನಾ ಇದ್ದದ್ದೆ. ಗೂಡು ಜಾಸ್ತಿ ಬಂದ ದಿನ ಆರೇಳು ಸಲ."

ನಾನು ಭೂತಗನ್ನಡಿ ಕೆಳಗಿಟ್ಟೆ. ಗೂಡು ಜಾಸ್ತಿ ಬಂದ ದಿನ ಹೆಚ್ಚು ಮಜ್ಜನ. ಅದು ಯಾವ ದೇವರು, ಮಾರುಕಟ್ಟೆ ನೋಡಿಕೊಂಡು ಮೀಯುವವನು?

"ಕೆಲಸದ ಹೊತ್ತಲ್ಲಿ ಏನಂತ ಕೂಗ್ತಿದ್ರು, ನೆನಪಿಸಿಕೊಂಡು ಹೇಳು. 'ಮಜ್ಜನ ಮಾಡು' ಅಂತಲಾ?"

"ಮಾಡು ಅಂತ ಯಾರಂದಾರು? 'ಮಜ್ಜನ ಬುಡು' ಅಂತ ಕೂಗೋರು."

ಈ ಸೀಮೆಯಲ್ಲಿ ದೇವರಿಗೆ ಮಜ್ಜನ ಮಾಡುತ್ತಾರೆ, ಮಜ್ಜನ ಎರೆಯುತ್ತಾರೆ. ಯಾರೂ ಮಜ್ಜನ 'ಬಿಡುವುದಿಲ್ಲ'. ಬಿಡುವುದು ಗದ್ದೆಗೆ ನೀರು, ನಲ್ಲಿಯ ನೀರು. 'ದಿನಾ ಮಜ್ಜನ ಬುಡ್ತಿದ್ದೆ ಸಾ' ಎಂದು ಜಡಯ್ಯ ಹೇಳಿದ್ದಿರಬೇಕು, ಪೊಲೀಸರ ಕಾಗದಕ್ಕೆ ಇಳಿಯುವಾಗ ಅದು 'ಪ್ರತಿದಿನ ಮಜ್ಜನ ಮಾಡುತ್ತಿದ್ದೆನು' ಎಂದಾಗಿತ್ತು. ಒಂದು ಕ್ರಿಯಾಪದ ಬದಲಾಗಿ ನಲ್ಲಿ ಹೋಗಿ ದೇವರು ಬಂದಿದ್ದ.

"ಒಳಕ್ಕೆ ತಣ್ಣೀರು ಬಿಡೋ ವಾಲ್ವ್ ಇತ್ತು ಅಲ್ವಾ?"

"ಇತ್ತಲ್ಲ. ಅದ್ಕೇ ಎಲ್ರೂ ಮಜ್ಜನ ಅನ್ನೋದು. ಆವಿ ಬುಟ್ಟಾದ ಮೇಕೆ ಅಂಡೆ ಬೇಗ ತಣ್ಗಾಗ್ಲಿ, ಇನ್ನೊಂದು ಸಲ ಗೂಡು ತುಂಬಾನ ಅಂತ."

"ಬುಡು ಅಂತ ಕೂಗೋರು ಯಾರು?"

ಚಿನ್ನಮ್ಮ ಮುಖ ತಿರುಗಿಸಿದಳು. "ಯಾರಾರ ಕೂಗೋರು," ಎಂದಳು.

ಅಷ್ಟು ಹೊತ್ತು ನೇರವಾಗಿ ಉತ್ತರ ಕೊಟ್ಟವಳು ಇಲ್ಲಿ ಮಾತ್ರ ಜಾರಿಕೊಂಡಳು. ನನಗದು ಹಿಡಿಸಲಿಲ್ಲ, ಆದರೂ ಆಗ ಕೆದಕಲಿಲ್ಲ.

ಜಡಯ್ಯನ ವಕೀಲ ಸಿದ್ದರಾಮ ಪಡೆದುಕೊಟ್ಟಿದ್ದ ಕೋರ್ಟಿನ ಅನುಮತಿ ತೋರಿಸಿ ಹಂಡೆಯ ಶೆಡ್ಡಿಗೆ ಹೋದೆವು. ಬೆಂದ ಹುಳುವಿನ ವಾಸನೆ ಇನ್ನೂ ಗೋಡೆ ಬಿಟ್ಟಿರಲಿಲ್ಲ. ಉಳಿದರ್ಧ ಹಂಡೆ ವಾಲಿಕೊಂಡು ನಿಂತಿತ್ತು. ಹರಿದ ಅಂಚಿನ ಪಕ್ಕದಲ್ಲೇ ಒಂದು ಮೋಟು ಪೈಪು, ಅದರ ಬಾಯಿಗೆ ಬಿಗಿದ ಕಬ್ಬಿಣದ ಬಿರಡೆ. ವಾಲ್ವ್ ಎಂಬುದು ಎಲ್ಲೂ ಇರಲಿಲ್ಲ.

"ಇಲ್ಲೇ ಇದ್ದದ್ದು," ಎಂದು ಚಿನ್ನಮ್ಮ ಪಿಸುಗುಟ್ಟಿದಳು.

ಶೆಡ್ಡಿನಲ್ಲಿ ಇದ್ದಬದ್ದದ್ದಕ್ಕೆಲ್ಲ ಮಸಿ ಹಿಡಿದಿತ್ತು. ಬಿರಡೆ ಮಾತ್ರ ಮದುವಣಗಿತ್ತಿಯ ಹಾಗೆ ಬೆಳ್ಳಿ ಬಣ್ಣ ಬಳಿದುಕೊಂಡು ಕೂತಿತ್ತು. ಮುಟ್ಟಿದೆ, ಬಣ್ಣ ಬೆರಳಿಗೆ ಹತ್ತಿತು. ತಲೆಯೆತ್ತಿ ಗೋಡೆ ನೋಡಿದೆ. ಮೇಲಿನ ನೀರಿನ ಟ್ಯಾಂಕಿನಿಂದ ಹಂಡೆಯವರೆಗೆ, ಕಪ್ಪು ಗೋಡೆಯ ಮೇಲೆ, ಮಸಿ ತಾಗದ ಬಿಳಿ ಪಟ್ಟಿಯೊಂದು ಇಳಿದುಬಂದಿತ್ತು. ಪೈಪು ಕಿತ್ತಿದ್ದರು, ಅದು ವರ್ಷಗಟ್ಟಲೆ ಮರೆಮಾಡಿದ್ದ ಗೋಡೆಯನ್ನು ಕೀಳಲು ಆಗಿರಲಿಲ್ಲ.

"ಪೈಪ್ ಕೂರಿಸಿದ್ದು ಯಾರು?"

"ಹನೂರಿನ ವೆಲ್ಡಿಂಗ್ ಶಂಕರ. ಗೇಟ್ ಮಾಡ್ಕೊಟ್ಟೋನೂ ಅವನೇಯ."

ಕಾರನ್ನು ಹನೂರಿಗೆ ಓಡಿಸಿದೆ. ಶಂಕರನ ಅಂಗಡಿಗೆ ಬೀಗ. ಪಕ್ಕದ ಟೀ ಅಂಗಡಿಯ ಕೆಂಪಾಜಮ್ಮ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ಅಳೆದಳು.

"ಶಂಕರನಾ? ಅಂಡೆ ಸಿಡೀತಲ್ಲ, ಅದರ ಮಾರ್ನೇ ದಿವ್ಸ ಬಿಳೀ ಕಾರ್ ಬಂತು. ಕೂರುಸ್ಕಂಡು ಓಯ್ತು. ಗಡಿಯಾಚೆ ಸತ್ತಿ ಊರ್ ಕಡೀಕೆ ಕೆಲ್ಸ ಅಂದ. ಕೆಲ್ಸಕ್ಕೋಗೋನು ವೆಲ್ಡಿಂಗ್ ಮಿಸನ್ನ ಬುಟ್ಟು ಓದಾನಾ? ನೀವೇ ಏಳಿ."

ಮಾಂಬಳ್ಳಿಗೆ ವಾಪಸಾದೆವು. ಕಾರ್ಖಾನೆಯ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು.

ಮಹದೇವಪ್ರಸಾದ್ ಎದ್ದು ನಿಂತು ಕೈಮುಗಿದ. ಕಾಫಿ ತರಿಸಿದ. ಮೇಜಿನ ಮೇಲೊಂದು ಬಟ್ಟಲು ತುಂಬ ರೇಷ್ಮೆಗೂಡು. ಮಾತಿನ ನಡುವೆ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಗಟ್ಟಿಯಿದೆಯೇ ಎಂದು ಕೇಳುವುದು ಅವನ ಅಭ್ಯಾಸ.

"ಏನಾದ್ರೂ ಗೊತ್ತಾಯ್ತಾ ಮೇಡಂ?"

"ಮಜ್ಜನದ ಪೈಪ್ ಎಲ್ಲಿ ಹೋಯ್ತು?"

"ಯಾವ ಪೈಪ್?"

"ಟ್ಯಾಂಕಿನಿಂದ ಹಂಡೆಯ ಹೊಟ್ಟೆಗೆ ಬರ್ತಿದ್ದದ್ದು."

"ಅಲ್ಲಿ ಬಿರಡೆ ಇದೆ ನೋಡಿ. ಹಂಡೆ ತಂದ ದಿನದಿಂದ ಇದೆ."

ನಾನು ಬೆಳ್ಳಿ ಬಣ್ಣ ಹತ್ತಿದ ಬೆರಳನ್ನು ಅವನ ಮುಂದೆ ಹಿಡಿದೆ. "ಅಷ್ಟು ಹಳೇ ಬಿರಡೆಯ ಬಣ್ಣ ಇನ್ನೂ ಒಣಗಿಲ್ಲ."

ಅವನು ಬೆರಳು ನೋಡಿದ. ಕೈಯಲ್ಲಿದ್ದ ಗೂಡನ್ನು ಬಟ್ಟಲಿಗೆ ಹಾಕಿದ. ಅವನ ಮುಖದಲ್ಲಿ ಹೆದರಿಕೆ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಬೇಸರ. ಮುಗಿದುಹೋದ ವ್ಯವಹಾರವನ್ನು ಯಾರೋ ಮತ್ತೆ ಎತ್ತಿದಾಗ ಬರುವ ಬೇಸರ.

"ಸರಿ. ಪೈಪ್ ಇತ್ತು ಅಂತಲೇ ಇಟ್ಕೊಳ್ಳಿ. ವಾಲ್ವ್ ತಿರುಗಿಸಿದ ಕೈ ಯಾರದು?"

"ತಿರುಗಿಸು ಅಂತ ಹೇಳಿದ ಬಾಯಿ ಯಾರದು?"

"ನನ್ನದಂತೂ ಅಲ್ಲ. ಅವತ್ತು ಬೆಳಗಿಂದ ನಾನು ಕೊಳ್ಳೇಗಾಲದಲ್ಲಿದ್ದೆ, ಗೂಡಿನ ಮಾರ್ಕೆಟ್ಟಲ್ಲಿ. ಫೋನ್ ಬಂದ ಮೇಲೇ ಇಲ್ಲಿಗೆ ಓಡಿಬಂದದ್ದು. ಪೊಲೀಸ್ನೋರಿಗೂ ಹೇಳಿದೀನಿ." ಅವನು ಕುರ್ಚಿಗೆ ಒರಗಿದ. "ನಿಮಗೊಂದು ವಿಷಯ ಗೊತ್ತಿಲ್ಲ ಮೇಡಂ. ಪಾಪ, ಇವಳು ನಿಮಗೆ ಹೇಳಿಲ್ಲ. ಅವತ್ತು ಜಡಯ್ಯನೂ ಇರಲಿಲ್ಲ."

"ಏನಂದ್ರಿ?"

"ತಾಯಿಗೆ ಹುಷಾರಿಲ್ಲ ಅಂತ ಬೆಟ್ಟಕ್ಕೆ ಹೋಗಿದ್ದ. ಗೂಡು ಆರಿಸೋ ಇವಳನ್ನ ಹಂಡೆ ಹತ್ರ ನಿಲ್ಲಿಸಿ ಹೋಗಿದ್ದ. ಸಿಡಿದ ಸುದ್ದಿ ಕೇಳಿ ಇಳಿದು ಬಂದವನು, ನಾನೇ ಇದ್ದೆ ಅಂದ. ಹೆಂಡತಿ ಉಳೀಲಿ ಅಂತ. ನಾನೂ ಹೂಂ ಅಂದೆ. ನನಗೂ ಕರುಳಿದೆ."

ನಾನು ಚಿನ್ನಮ್ಮನ ಕಡೆ ತಿರುಗಿದೆ. ಅವಳು ನೆಲ ನೋಡುತ್ತ ನಿಂತಿದ್ದಳು. ಅಲ್ಲ ಎನ್ನಲಿಲ್ಲ.

ನನಗೆ ಕೆಟ್ಟ ಕೋಪ ಬಂತು. ಬೆಳಗಿನಿಂದ ನನ್ನ ಜೊತೆಗಿದ್ದು, ನನ್ನ ಬೆರಳಿಗೆ ತನ್ನ ಸೆರಗಿನಂಚು ಹರಿದು ಕಟ್ಟಿದವಳು, ಇಷ್ಟು ದೊಡ್ಡ ವಿಷಯವನ್ನು ನುಂಗಿಕೊಂಡಿದ್ದಳು. ಆ ಕೋಪದ ಹಿಂದೆಯೇ ನಾಚಿಕೆಯೂ ಬಂತು. ಅವಳ ಜಾಗದಲ್ಲಿದ್ದರೆ ನಾನು ಹೇಳುತ್ತಿದ್ದೆನೇ?

"ನಿಮ್ಮ ವರದಿ ಕೊಡಿ, ನಾನೇನು ಬೇಡ ಅನ್ನಲ್ಲ," ಮಹದೇವಪ್ರಸಾದನ ದನಿ ಬೆಣ್ಣೆಯಂತಿತ್ತು. "ಪೂಜೆ ಅಂದ್ರೆ ತಿಳಿಗೇಡಿತನ ಅಂತಾಗುತ್ತೆ, ಜಡಯ್ಯ ನಾಲ್ಕು ದಿನಕ್ಕೆ ಬೇಲ್ ಮೇಲೆ ಬರ್ತಾನೆ. ಪೈಪ್ ಅಂತ ಬರೆದ್ರೆ ಎಲ್ಲಾ ವಾಲ್ವ್ ತಿರುಗಿಸಿದವರ ತಲೆಗೆ. ಬಲಗೈಲಿ ಸೆರಗು ಮೂಗಿಗೆ ಒತ್ಕೊಂಡು ಎಡಗೈಲಿ ತಿರುಗಿಸ್ತಾ ನಿಂತಿದ್ಳಲ್ಲ, ಈ ಯಮ್ಮನ ತಲೆಗೆ."

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ನನಗೆ. ನಿಜ ಬರೆದರೆ ಗಂಡ ಹೊರಗೆ, ಹೆಂಡತಿ ಒಳಗೆ. ಬರೆಯದಿದ್ದರೆ ಕೊಂದವನು ಇಲ್ಲೇ ಕಾಫಿ ಕುಡಿಯುತ್ತಿರುತ್ತಾನೆ.

ಲೋಟ ಕೆಳಗಿಡುವಾಗ ಅವನ ಕೊನೆಯ ಮಾತು ಮತ್ತೆ ಕಿವಿಗೆ ಬಂತು.

"ಎಡಗೈಲಿ ಅಂದ್ರಾ?"

"ಹೂಂ."

"ಚಿನ್ನಮ್ಮ, ವಾಲ್ವ್ ಯಾವ ಕೈಲಿ ತಿರುಗಿಸ್ದೆ?"

"ಎಡಗೈಲೇಯ. ಉಳದ ವಾಸ್ನೆ ತಡೀನಾರ್ದೆ ಸೆರಗ ಮೂಗಿಗೆ ಇಡ್ಕಂಡಿದ್ದೆ."

"ಶೆಡ್ಡಿನಲ್ಲಿ ಇನ್ಯಾರಿದ್ರು?"

"ಚಿಕ್ಕಸಿದ್ದಯ್ಯ ಒಬ್ಬನೇ. ಆಮೇಕೆ ಗೂಡು ತುಂಬಿ, ಆವಿ ಏರ್ಸಿ, ನಾನು ನೀರಿಗೆ ಅಂತ ಈಚೆ ಬಂದೆ. ಆಗ ಅಂಡೆ ಸಿಡೀತು."

"ಈ ಎಡಗೈ ವಿಷಯ ಯಾರಿಗಾದ್ರೂ ಹೇಳಿದ್ಯಾ?"

"ಯಾರ್ಗೂ ಇಲ್ಲ. ನಮ್ಮವ್ನಿಗೂ ಏಳಿಲ್ಲ."

ನಾನು ಮಾಲೀಕನ ಕಡೆ ನೋಡಿದೆ. "ನೋಡಿದವರು ಇಬ್ಬರು. ಒಬ್ಬ ಸತ್ತ. ಇನ್ನೊಬ್ಬಳು ಬಾಯಿ ಬಿಟ್ಟಿಲ್ಲ. ಕೊಳ್ಳೇಗಾಲದ ಮಾರ್ಕೆಟ್ಟಿಂದ ಇವಳ ಎಡಗೈ ಕಾಣಿಸ್ತಾ ಸ್ವಾಮಿ?"

ಬಟ್ಟಲಿನ ಕಡೆ ಹೋದ ಅವನ ಕೈ ಅರ್ಧಕ್ಕೆ ನಿಂತಿತು.

ನಾನು ಗೆದ್ದೆ ಎಂದು ಹಿಗ್ಗಲಿಲ್ಲ. ಅವನು ಅಲ್ಲಿದ್ದ ಎಂದು ಹೇಳಬಲ್ಲವಳು ಚಿನ್ನಮ್ಮ ಒಬ್ಬಳೇ. ಅದನ್ನು ಹೇಳಬೇಕಾದರೆ ವಾಲ್ವ್ ಹತ್ತಿರ ನಿಂತದ್ದು ತಾನು ಎಂದು ಮೊದಲು ಒಪ್ಪಬೇಕು. ಅತ್ತ ದರಿ, ಇತ್ತ ಪುಲಿ. ಆ ಮಾತನ್ನು ನಾನು ಅವಳಿಗೆ ಹೇಳಿಕೊಡಲಾರೆ.

ಹೇಳಿಕೊಡಬೇಕಾಗಲಿಲ್ಲ. ಚಿನ್ನಮ್ಮ ಮೇಜಿನ ಹತ್ತಿರ ಬಂದಳು. ಆ ಕೋಣೆಯಲ್ಲಿ ಅವಳು ಅಷ್ಟು ಮುಂದೆ ಬಂದದ್ದು ಅದೇ ಮೊದಲು ಎಂದು ಕಾಣುತ್ತದೆ, ಅವನು ಕುರ್ಚಿ ಹಿಂದೆ ಸರಿಸಿದ.

"ನಡೀರಿ ಸಾ, ಇಬ್ರೂ ಠಾಣೆಗೋಗಾನ," 'ಊಟಕ್ಕೆ ಏಳಿ' ಎನ್ನುವಷ್ಟು ಸಮಾಧಾನದಲ್ಲಿ ಹೇಳಿದಳು. "ಬುಟ್ಟಿದ್ದು ನಾನು ಅಂತ ನಾನು ಏಳ್ತೀನಿ. ಬಾಗಲ ತಾವು ನಿಂತ್ಕಂಡು, ಬೇಗ ಬುಡು, ಇನ್ನೊಂದು ಸಲ ತುಂಬಬೇಕು ಅಂತ ಕೂಗಿದ್ದು ಯಾರು ಅಂತ ನೀವೇಳಿ. ಚಿಕ್ಕಸಿದ್ದಯ್ಯ ಅಂಡೆ ಬೆವರ್ತಾ ಅದೆ, ಇವತ್ತು ಬ್ಯಾಡಿ ಸಾ ಅಂದ. ಅದ್ಕೆ ನೀವೇನಂದ್ರಿ, ಅದ್ನೂ ಏಳಿ."

ಹಂಡೆ ಬೆವರುತ್ತಿತ್ತು. ಅಂದರೆ ಪೈಪು ಕೂಡುವ ಮೂಲೆಯಲ್ಲಿ ಬಿರುಕು ಆಗಲೇ ಆಚೆ ಮುಖಕ್ಕೆ ಬಂದಿತ್ತು, ಸತ್ತವನು ಅದನ್ನು ಕಂಡಿದ್ದ, ಮಾಲೀಕನಿಗೆ ಹೇಳಿದ್ದ. ಇದು ಅಜಾಗರೂಕತೆಯ ಮಾತಲ್ಲ. ತಿಳಿದೂ ತಿಳಿದೂ ಮಾಡಿದ್ದು.

"ಚಿನ್ನಮ್ಮ, ಕೊನೇ ಸಲ ತಿರುಗಿಸಿದ ಕೈಯಿಂದ ಅದು ಒಡೆದದ್ದಲ್ಲ," ಎಂದೆ. "ನಾನದನ್ನ ಕೋರ್ಟಲ್ಲಿ ಹೇಳ್ತೀನಿ. ಬಾ."

ಅವಳ ಕೈ ಹಿಡಿದುಕೊಂಡೆ. ಆಗ ನನ್ನ ಫೋನು ಬಡಿಯಿತು. ವಕೀಲ ಸಿದ್ದರಾಮ.

"ಎಲ್ಲಿದ್ದೀರಿ ಮೇಡಂ? ಎಲ್ಲಾ ಕೆಟ್ಟೋಯ್ತು. ಜಡಯ್ಯ ಈಗ ಹೊಸ ಹೇಳಿಕೆ ಕೊಡ್ತೀನಿ ಅಂತ ಕೂತವ್ನೆ. ಒಳಗೆ ಪೈಪ್ ಇತ್ತಂತೆ. ಯಾರಿಗೂ ಹೇಳದೆ ತಾನೇ ಶಂಕರನ್ನ ಕರೆಸಿ ಹಾಕಿಸ್ದನಂತೆ. ಮಾಲೀಕರಿಗೆ ಗೊತ್ತೇ ಇಲ್ವಂತೆ. ಚಿಕ್ಕಸಿದ್ದಯ್ಯನ ಮೇಲೆ ಹಳೇ ಜಿದ್ದು ಇತ್ತು, ಬೇಕಂತಲೇ ಮಾಡ್ದೆ ಅಂತಾನೆ. ಬೆಳಗ್ಗೆ ಯಾರೋ ಅವನನ್ನ ನೋಡೋಕೆ ಬಂದಿದ್ರು."

ಬೇಕಂತಲೇ. ಅಂದರೆ ಕೊಲೆ.

ನಾನು ಫೋನನ್ನು ಕಿವಿಗೆ ಒತ್ತಿಹಿಡಿದು ನಿಂತೆ. ಸಿದ್ದರಾಮನ ಮಾತು ಆ ಕೋಣೆಯಲ್ಲಿ ನನಗೊಬ್ಬಳಿಗೇ ಕೇಳಿಸಿತ್ತು.

"ಏನಂತೆ ಅಕ್ಕ?" ಚಿನ್ನಮ್ಮ ನನ್ನ ಮುಖ ನೋಡಿದಳು.

ಉತ್ತರ ಬಂದದ್ದು ಮೇಜಿನ ಆಚೆಯಿಂದ.

"ನಿನ್ನ ಗಂಡ ಒಳ್ಳೆಯವನು ಕಣಮ್ಮ," ಎಂದ ಮಹದೇವಪ್ರಸಾದ್. "ನಿನ್ನ ಹೆಸರು ಎತ್ತಲ್ಲ ಅಂತ ನಾನು ಮಾತು ಕೊಟ್ಟಿದ್ದಕ್ಕೆ, ಪೈಪಿನ ಪಾಪಾನೂ ತನ್ನ ಮೇಲೇ ಹಾಕೊಂಡ. ಈಗ ನೀನು ಹೋಗಿ ಏನೇ ಹೇಳಿದ್ರೂ, ಗಂಡನ್ನ ಉಳಿಸೋಕೆ ಹೇಳ್ತಾಳೆ ಅಂತಾರೆ ಅಷ್ಟೆ."